ಉಲ್ಲೇಖಗಳ ಲೆಕ್ಕ, ರೋಗಗಳ ಗಡಿಯಾರ

ಕಳೆದ ತಿಂಗಳು ನನ್ನ ಮೇಜಿಗೆ ಬಂದ ನಮೂನೆಯೊಂದರಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಚೌಕವಿತ್ತು. ಸಾಂಕ್ರಾಮಿಕ ರೋಗಗಳ ಕುರಿತು ಎರಡು ದಶಕಗಳಿಗೂ ಮೀರಿ ಕೆಲಸ ಮಾಡಿರುವ ಸಂಶೋಧಕರೊಬ್ಬರ ‘ಸಂಶೋಧನಾ ಪ್ರಭಾವ’ವನ್ನು ಆ ಚೌಕದೊಳಗೆ ಅಂಕಿಯಾಗಿ ತುಂಬಿಕೊಡಬೇಕಿತ್ತು. ನಾನು ವೃತ್ತಿಯಿಂದ ಗ್ರಂಥಪಾಲಕ. ಇಂಥ ಅಂಕಿಗಳನ್ನು ಹುಡುಕಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುವ ಈ ಕೆಲಸಕ್ಕೆ ಈ ಬಾರಿ ಮೂರು ವಾರ ಹಿಡಿಯಿತು. ಏಕೆ ಹಿಡಿಯಿತು ಎಂಬುದನ್ನು ಬರೆದಿಡೋಣ ಎನ್ನಿಸಿತು.

ಮೊದಲ ತೊಡಕು ತೀರ ಪ್ರಾಥಮಿಕವಾದದ್ದು. ಒಂದು ಪ್ರಬಂಧವನ್ನು ಬೇರೆ ಎಷ್ಟು ಬರಹಗಳು ಉಲ್ಲೇಖಿಸಿವೆ, ಅಂದರೆ ತಮ್ಮೊಳಗೆ ಹೆಸರಿಸಿವೆ, ಎಂದು ಎಣಿಸುವ ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಮೂರು ದತ್ತಸಂಚಯಗಳಲ್ಲಿ ಹುಡುಕಿದಾಗ ಒಬ್ಬರೇ ವ್ಯಕ್ತಿಗೆ ಮೂರು ಬೇರೆ ಬೇರೆ ಅಂಕಿಗಳು ಸಿಕ್ಕವು. ಇದರಲ್ಲಿ ಯಾರ ಮೋಸವೂ ಇಲ್ಲ. ಗೂಗಲ್ ಸ್ಕಾಲರ್ ಪುಸ್ತಕದ ಅಧ್ಯಾಯ, ಪಿಎಚ್.ಡಿ. ಮಹಾಪ್ರಬಂಧ, ಜರ್ನಲ್ಲಿಗೆ ಹೋಗುವ ಮೊದಲು ಜಾಲತಾಣದಲ್ಲಿ ಇಟ್ಟ ಕರಡು ಪ್ರತಿ ಇವೆಲ್ಲವನ್ನೂ ಎಣಿಕೆಗೆ ಸೇರಿಸಿಕೊಳ್ಳುತ್ತದೆ. ಉಳಿದೆರಡು ತಾವು ಆಯ್ದುಕೊಂಡ ಜರ್ನಲ್‌ಗಳ ಬೇಲಿಯೊಳಗೇ ಹೆಚ್ಚಾಗಿ ಓಡಾಡುತ್ತವೆ. ಒಂದೇ ಹೆಸರಿನ ಇಬ್ಬರ ಪ್ರಬಂಧಗಳು ಒಂದೇ ಖಾತೆಗೆ ಬೀಳುವುದು, ಒಬ್ಬರದೇ ಪ್ರಬಂಧಗಳು ಇನಿಷಿಯಲ್‌ಗಳ ವ್ಯತ್ಯಾಸದಿಂದಾಗಿ ಎರಡು ಖಾತೆಗಳಿಗೆ ಹಂಚಿಹೋಗುವುದು ನಮಗೆ ದಿನನಿತ್ಯದ ಅನುಭವ. ಇದನ್ನು ಸರಿಪಡಿಸಲೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಬಳಕೆಗೆ ಬಂದಿದೆಯಾದರೂ, ಸಂಶೋಧಕರು ತಾವೇ ಅದನ್ನು ಆಗಾಗ ನೋಡಿಕೊಳ್ಳದಿದ್ದರೆ ಅದೂ ಹಳೆಯ ವಿಳಾಸ ಪುಸ್ತಕದಂತೆ ನಿರುಪಯೋಗಿಯಾಗುತ್ತದೆ.

ಚೌಕದಲ್ಲಿ ಕೇಳಿದ್ದು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಇದನ್ನು ಸೂಚಿಸಿದರು. ಒಬ್ಬರ ಪ್ರಬಂಧಗಳ ಪೈಕಿ 30 ಪ್ರಬಂಧಗಳು ತಲಾ ಕನಿಷ್ಠ 30 ಬಾರಿ ಉಲ್ಲೇಖಗೊಂಡಿದ್ದರೆ, ಮತ್ತು 31ಕ್ಕೆ ಆ ಮಾತು ಹೇಳಲಾಗದಿದ್ದರೆ, ಅವರ ಎಚ್-ಇಂಡೆಕ್ಸ್ 30. ಸರಳವಾದ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಈ ಲೆಕ್ಕ ಜಗತ್ತಿನಾದ್ಯಂತ ನೇಮಕಾತಿ, ಬಡ್ತಿ, ಅನುದಾನಗಳ ಕಡತಗಳೊಳಕ್ಕೆ ಬಹುಬೇಗ ಹೊಕ್ಕಿತು. ಆದರೆ ಅದರ ಗುಣವನ್ನು ಗಮನಿಸಬೇಕು. ಒಬ್ಬರು ಬದುಕಿನಲ್ಲಿ ಐದೇ ಪ್ರಬಂಧ ಬರೆದು, ಆ ಐದೂ ಸಾವಿರಾರು ಬಾರಿ ಉಲ್ಲೇಖಗೊಂಡಿದ್ದರೂ ಅವರ ಎಚ್-ಇಂಡೆಕ್ಸ್ ಐದನ್ನು ದಾಟುವುದಿಲ್ಲ. ಅದು ಕಾಲ ಕಳೆದಂತೆ ಏರಬಲ್ಲದೇ ಹೊರತು ಇಳಿಯುವುದು ಅಪರೂಪ. ಕೆಲಸ ನಿಲ್ಲಿಸಿದವರದೂ ಏರುತ್ತಲೇ ಇರುತ್ತದೆ. ಪ್ರಬಂಧದಲ್ಲಿ ಮೊದಲ ಹೆಸರಿನವರು ಯಾರು, ನಾನೂರನೆಯ ಹೆಸರಿನವರು ಯಾರು ಎಂಬ ಭೇದ ಅದಕ್ಕೆ ತಿಳಿಯದು.

ಇವೆಲ್ಲ ಯಾವ ವಿಷಯದ ವಿದ್ವಾಂಸರಿಗೂ ಅನ್ವಯಿಸುವ ಮಾತುಗಳು. ಸಾಂಕ್ರಾಮಿಕ ರೋಗಗಳ ಕ್ಷೇತ್ರಕ್ಕೆ ಬಂದಾಗ ಇನ್ನೊಂದು ಸಮಸ್ಯೆ ಎದುರಾಗುತ್ತದೆ, ನನ್ನ ಮೂರು ವಾರಗಳನ್ನು ತಿಂದದ್ದೂ ಅದೇ. ಉಲ್ಲೇಖಗಳ ಗಡಿಯಾರ ಇಲ್ಲಿ ವಿದ್ವಾಂಸರ ಕೈಯಲ್ಲಿಲ್ಲ. ಅದನ್ನು ತಿರುಗಿಸುವುದು ರೋಗ. ಪ್ರಬಂಧ ಎಷ್ಟು ಗಟ್ಟಿಯಾದದ್ದು ಎಂಬುದಕ್ಕಿಂತ, ಅದು ಕುರಿತ ರೋಗ ಯಾವ ವರ್ಷ, ಯಾವ ದೇಶಗಳಲ್ಲಿ ಹರಡಿತು ಎಂಬುದೇ ಬಹಳ ಸಲ ಅದರ ಉಲ್ಲೇಖಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ.

ಜಿಕಾ ವೈರಸ್ಸನ್ನೇ ನೋಡಿ. ಹಳದಿ ಜ್ವರದ ಜಾಡು ಹಿಡಿದು ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ತಂಡವೊಂದು 1947ರ ಏಪ್ರಿಲ್‌ನಲ್ಲಿ ಜಿಕಾ ಎಂಬ ಕಾಡಿನ ಮರದ ಮೇಲೆ ಪಂಜರದಲ್ಲಿಟ್ಟಿದ್ದ ರೀಸಸ್ ಕೋತಿಯೊಂದರ ರಕ್ತದಿಂದ ಆ ವೈರಸ್ಸನ್ನು ಬೇರ್ಪಡಿಸಿತು. ಜಾರ್ಜ್ ಡಿಕ್ ಮತ್ತು ಅವರ ಸಂಗಡಿಗರು ಅದರ ವಿವರಗಳನ್ನು 1952ರಲ್ಲಿ ಪ್ರಕಟಿಸಿದರು. ಅನಂತರದ ಅರ್ಧ ಶತಮಾನ ಆ ಪ್ರಬಂಧವನ್ನು ವೈರಸ್ ಪರಿಣತರ ಒಂದು ಸಣ್ಣ ಗುಂಪನ್ನು ಬಿಟ್ಟರೆ ಹೆಚ್ಚು ಜನ ತೆರೆದು ನೋಡಿರಲಾರರು. 2015ರಲ್ಲಿ ಬ್ರೆಜಿಲ್‌ನಲ್ಲಿ ರೋಗ ಹಬ್ಬಿ, ಶಿಶುಗಳ ತಲೆ ಸಣ್ಣದಾಗಿ ಹುಟ್ಟುವ ಪ್ರಕರಣಗಳು ಕಾಣಿಸಿಕೊಂಡು, 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಘೋಷಿಸಿದ ಮೇಲೆ, ಜಿಕಾ ಕುರಿತು ಬರೆಯುವ ಪ್ರತಿಯೊಬ್ಬರೂ ಮೊದಲ ಸಾಲಿನಲ್ಲೇ ಆ 1952ರ ಪ್ರಬಂಧವನ್ನು ಉಲ್ಲೇಖಿಸತೊಡಗಿದರು. ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. 2014ರಲ್ಲಿ ಅಳೆದವರಿಗೂ 2017ರಲ್ಲಿ ಅಳೆದವರಿಗೂ ಸಿಕ್ಕಿರುವ ಪ್ರಭಾವಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ಜರ್ನಲ್‌ಗಳ ಮಟ್ಟದಲ್ಲಿ ಇದೇ ಸಂಗತಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಇಂಪ್ಯಾಕ್ಟ್ ಫ್ಯಾಕ್ಟರ್. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2020ರಲ್ಲಿ 79 ಇದ್ದದ್ದು 2021ರಲ್ಲಿ 202ಕ್ಕೆ ನೆಗೆಯಿತು. ಕೋವಿಡ್ ಪ್ರಬಂಧಗಳು ಆ ಎರಡು ವರ್ಷಗಳ ಕಿಟಕಿಯಿಂದ ಆಚೆ ಸರಿದಂತೆ 2023ರ ಹೊತ್ತಿಗೆ ಮತ್ತೆ 100ರ ಕೆಳಗಿಳಿಯಿತು. ಸಂಪಾದಕರು ಒಂದು ವರ್ಷ ಎರಡೂವರೆ ಪಟ್ಟು ಜಾಣರಾಗಿ, ಮರುವರ್ಷವೇ ಜಾಣತನ ಕಳೆದುಕೊಂಡರೆಂದು ಯಾರೂ ಹೇಳಲಾರರು. ವುಹಾನ್‌ನ 41 ರೋಗಿಗಳ ಲಕ್ಷಣಗಳನ್ನು ವಿವರಿಸುವ, 2020ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಪ್ರಬಂಧಕ್ಕೆ ಹತ್ತಾರು ಸಾವಿರ ಉಲ್ಲೇಖಗಳು ದೊರೆತಿವೆ. ಅದು ಮುಖ್ಯವಾದ ಪ್ರಬಂಧವೇ, ಅನುಮಾನವಿಲ್ಲ. ಆದರೆ ಬಡವರ ರೋಗಗಳೆಂದು ಬದಿಗಿಡಲಾದ ಕಾಲಾ ಅಜಾರ್, ಕುಷ್ಠ, ಆಫ್ರಿಕಾದ ನಿದ್ರಾರೋಗಗಳ ಮೇಲೆ ಮೂವತ್ತು ವರ್ಷ ದುಡಿದವರು ಆ ಸಂಖ್ಯೆಯ ಹತ್ತಿರಕ್ಕೂ ಸುಳಿಯುವಂತಿಲ್ಲ. ಏಕೆಂದರೆ ಅವರನ್ನು ಉಲ್ಲೇಖಿಸಬಲ್ಲ ಪ್ರಯೋಗಾಲಯಗಳೇ ಜಗತ್ತಿನಲ್ಲಿ ಕಡಿಮೆ.

ಈ ಅಸಮತೆಯನ್ನು ಸರಿದೂಗಿಸುವ ಲೆಕ್ಕಗಳೂ ಇವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 2016ರಲ್ಲಿ ಮುಂದಿಟ್ಟ ‘ಸಾಪೇಕ್ಷ ಉಲ್ಲೇಖ ಅನುಪಾತ’ ಒಂದು ಪ್ರಬಂಧವನ್ನು ಅದರ ನೆರೆಹೊರೆಯ ಪ್ರಬಂಧಗಳೊಡನೆ ಮಾತ್ರ ಹೋಲಿಸುತ್ತದೆ. ಅಂದರೆ ಅದರ ಜೊತೆಜೊತೆಗೇ ಉಲ್ಲೇಖಗೊಳ್ಳುವ ಪ್ರಬಂಧಗಳ ಬಳಗವನ್ನೇ ಅದರ ಕ್ಷೇತ್ರವೆಂದು ಬಗೆಯುತ್ತದೆ. ನಾನು ಇದನ್ನು ಬಳಸುತ್ತೇನೆ, ಎಚ್-ಇಂಡೆಕ್ಸ್‌ಗಿಂತ ಉತ್ತಮವೆಂದೂ ನಂಬುತ್ತೇನೆ. ಆದರೂ ಅದು ಎಣಿಸುವುದು ಉಲ್ಲೇಖವನ್ನೇ. ಉಲ್ಲೇಖ ಎಂದರೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಏಕೆಂದರೆ ಉಲ್ಲೇಖವೆಂದರೆ ಮೆಚ್ಚುಗೆಯೇ ಆಗಬೇಕೆಂದಿಲ್ಲ. ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿ 12 ಮಕ್ಕಳ ವಿವರಗಳನ್ನಿಟ್ಟುಕೊಂಡು 1998ರಲ್ಲಿ ಪ್ರಕಟವಾದ ಪ್ರಬಂಧವನ್ನು 2010ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದಕ್ಕೆ ದೊರೆತಿರುವ ಸಾವಿರಕ್ಕೂ ಹೆಚ್ಚು ಉಲ್ಲೇಖಗಳಲ್ಲಿ ಬಹುಪಾಲು ಅದನ್ನು ಅಲ್ಲಗಳೆಯಲು ಬರೆದವು. ಎಣಿಸುವ ಯಂತ್ರಕ್ಕೆ ಅವೆಲ್ಲ ಒಂದೊಂದು ಅಂಕ. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಫಲಕಾರಿಯೆಂದು 2020ರ ಮಾರ್ಚ್‌ನಲ್ಲಿ ಸಾರಿದ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ನಾಲ್ಕೂ ಮುಕ್ಕಾಲು ವರ್ಷ ಅದು ಲೇಖಕರ ಖಾತೆಗಳಿಗೆ ಉಲ್ಲೇಖಗಳನ್ನು ಜಮೆ ಮಾಡುತ್ತಲೇ ಇತ್ತು. ‘ಪ್ರಭಾವ’ ಎಂಬ ಮಾತಿನ ನೇರ ಅರ್ಥವನ್ನೇ ಹಿಡಿದರೆ ಈ ಎರಡು ಪ್ರಬಂಧಗಳ ಪ್ರಭಾವ ಅಪಾರವೆಂದೇ ಒಪ್ಪಬೇಕಾಗುತ್ತದೆ. ನಮೂನೆ ರೂಪಿಸಿದವರು ಕೇಳಿದ್ದು ಅದನ್ನಲ್ಲವೆಂದು ನಾನು ಭಾವಿಸುತ್ತೇನೆ.

ಮೂರು ವಾರಗಳ ಈ ಓದಿನ ನಡುವೆ ನಾನು ಹಲವು ದಿನ ನಿಂತುಬಿಟ್ಟದ್ದು ಶಂಭುನಾಥ ಡೇ ಅವರ ಬಳಿ. ಕಾಲರಾ ರೋಗಾಣು ದೇಹದಲ್ಲಿ ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರೂ, ಅನಂತರದ ಎಪ್ಪತ್ತು ವರ್ಷ ಆ ವಿಷ ಯಾರ ಕೈಗೂ ಖಚಿತವಾಗಿ ಸಿಕ್ಕಿರಲಿಲ್ಲ. ಹುಡುಕಿದವರಲ್ಲಿ ಬಹುಮಂದಿ ರೋಗಾಣುವಿನ ಸಾರವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಗೋ ಚುಚ್ಚಿ ಪರಿಣಾಮಕ್ಕಾಗಿ ಕಾಯುತ್ತಿದ್ದರು. ಕಲ್ಕತ್ತೆಯಲ್ಲಿ ರೋಗಶಾಸ್ತ್ರದ ಅಧ್ಯಾಪಕರಾಗಿದ್ದ ಡೇ ಅವರು, ರೋಗ ಕರುಳಿನದಾದರೆ ಕರುಳಿನೊಳಗೇ ನೋಡಬೇಕಲ್ಲವೇ ಎಂಬ ನೇರ ಯೋಚನೆಯಿಂದ ಹೊರಟರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿ, ಆ ಮುಚ್ಚಿದ ಕೊಳವೆಯೊಳಗೆ ಕಾಲರಾ ರೋಗಾಣುಗಳನ್ನು ಹಾಕಿದಾಗ, ಅದು ಕಾಲರಾ ರೋಗಿಯ ಭೇದಿಯನ್ನು ಹೋಲುವ ದ್ರವದಿಂದ ತುಂಬಿ ಉಬ್ಬಿತು. 1953ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಈ ವಿಧಾನವನ್ನು ಪ್ರಕಟಿಸಿದ ಅವರು, 1959ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ಬರೀ ದ್ರವವನ್ನು ಕರುಳಿಗೆ ಹಾಕಿದರು. ಕರುಳು ಆಗಲೂ ಉಬ್ಬಿತು. ವಿಷ ಇರುವುದು ಆ ಸೋಸಿದ ದ್ರವದಲ್ಲಿ ಎಂಬುದು ಸಾಬೀತಾಯಿತು. ನೇಚರ್ ಪತ್ರಿಕೆಯಲ್ಲಿ ಈ ಸಂಗತಿ ಎರಡು ಪುಟಗಳನ್ನು ಮೀರಲಿಲ್ಲ.

ಇಂಥ ಪ್ರಬಂಧ ಮರುದಿನದಿಂದಲೇ ಕ್ಷೇತ್ರವನ್ನು ಅಲ್ಲಾಡಿಸಬೇಕಿತ್ತು. ಅಲ್ಲಾಡಿಸಲಿಲ್ಲ, ಹಲವು ವರ್ಷ ಅದನ್ನು ಗಮನಿಸಿದವರೇ ವಿರಳ. ಬೇರೆ ಪ್ರಯೋಗಾಲಯಗಳು ಅದೇ ದಾರಿಗೆ ಬಂದು, 1969ರಲ್ಲಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಡೇ ಅವರ ಎರಡು ಪುಟಗಳ ತೂಕ ಎಲ್ಲರಿಗೂ ತಿಳಿಯತೊಡಗಿತು. ಅಷ್ಟರಲ್ಲಿ ಅವರ ಸೇವಾವಧಿ ಮುಗಿಯುತ್ತ ಬಂದಿತ್ತು; 1973ರಲ್ಲಿ ನಿವೃತ್ತರಾದರು. 1978ರಲ್ಲಿ ಸ್ವೀಡನ್‌ನಲ್ಲಿ ಕಾಲರಾ ಕುರಿತು ನಡೆದ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನ ಬಂತು. ನೊಬೆಲ್ ಪುರಸ್ಕೃತ ಜಾಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ಆ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. ಸ್ವದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು.

ಮರುವರ್ಷ, 1986ರಲ್ಲಿ, ಡೇ ಅವರ ಕುರಿತು ದೀರ್ಘ ಲೇಖನ ಬರೆದವರು ಯೂಜೀನ್ ಗಾರ್ಫೀಲ್ಡ್. ಉಲ್ಲೇಖ ಸೂಚಿಯ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದು, ಇಂಪ್ಯಾಕ್ಟ್ ಫ್ಯಾಕ್ಟರ್ ರೂಪಿಸಿದವರೂ ಇವರೇ. ನನ್ನ ವೃತ್ತಿಯ ಮಟ್ಟಿಗೆ ಅವರು ಮೂಲಪುರುಷ. ಅಂಥವರು ಸಾಂಕ್ರಾಮಿಕ ರೋಗಗಳ ಒಬ್ಬ ವಿದ್ವಾಂಸರ ಪ್ರಭಾವವನ್ನು ಅಳೆಯಲು ಕುಳಿತಾಗ ಒಂದು ಅಂಕಿಯನ್ನು ಬರೆದು ಎದ್ದುಹೋಗಲಿಲ್ಲ. ಕಾಲರಾ ಸಂಶೋಧನೆಯ ಇಡೀ ನಕ್ಷೆಯನ್ನು ಬಿಡಿಸಿ, ಯಾವ ಪ್ರಬಂಧ ಯಾವುದರಿಂದ ಕವಲೊಡೆಯಿತು, ಆ ನಕ್ಷೆಯಲ್ಲಿ ಡೇ ನಿಂತಿರುವ ಸ್ಥಳ ಯಾವುದು ಎಂಬುದನ್ನು ತೋರಿಸಲು ಯತ್ನಿಸಿದರು. ಎಣಿಕೆಯನ್ನು ಅವರು ತೀರ್ಪಾಗಿ ಬಳಸಲಿಲ್ಲ, ದಾರಿ ಹುಡುಕುವ ಸಾಧನವಾಗಿ ಬಳಸಿದರು. ಅವರ ಹೆಸರು ಹೇಳಿಕೊಂಡು ಬೆಳೆದ ನಮ್ಮ ಕಸುಬು ಇಂದು ಚೌಕ ತುಂಬುವ ಕೆಲಸವಾಗಿ ಕುಗ್ಗಿರುವುದನ್ನು ನೆನೆದರೆ ತುಸು ಮುಜುಗರವೇ ಆಗುತ್ತದೆ. (ಇನ್ನೊಂದು ಸಣ್ಣ ಮಾತು: ರೋಮನ್ ಲಿಪಿಯಲ್ಲಿ ಎರಡೇ ಅಕ್ಷರಗಳ ‘ಡೇ’ ಎಂಬ ಕುಲನಾಮ ಯೂರೋಪಿನ ಹೆಸರುಗಳ ನಡುವೆ ಬರುವ ಉಪಸರ್ಗದಂತೆಯೇ ಕಾಣುತ್ತದೆ. ಹೆಸರಿಟ್ಟು ಹುಡುಕುವ ಗ್ರಂಥಪಾಲಕರಿಗೆ ಇದು ಎಂಥ ಪೀಡೆಯೆಂದು ನನ್ನ ಸಹೋದ್ಯೋಗಿಗಳಿಗೆ ಗೊತ್ತು.)

ಕಾಲರಾ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವಿಷ ಕರುಳಿನಿಂದ ನೀರನ್ನು ಹೊರದೂಡುತ್ತದೆಯೇ ಹೊರತು ಕರುಳಿನ ಒಳಪದರವನ್ನು ಹಾಳುಮಾಡುವುದಿಲ್ಲ ಎಂಬುದು 1960ರ ಸುಮಾರಿಗೆ ರೋಗಿಗಳ ಕರುಳಿನ ಚೂರುಗಳ ಪರೀಕ್ಷೆಯಿಂದ ತಿಳಿಯಿತು. ಸಕ್ಕರೆಯ ಜೊತೆಗೆ ಸೋಡಿಯಂ ಕರುಳಿನೊಳಕ್ಕೆ ಹೀರಲ್ಪಡುತ್ತದೆ ಎಂಬ ಅರಿವೂ ಅದೇ ಕಾಲದ್ದು. ಈ ಎಳೆಗಳು ಸೇರಿ 1968ರಲ್ಲಿ ಢಾಕಾದಲ್ಲಿ ಉಪ್ಪು-ಗ್ಲೂಕೋಸ್ ದ್ರಾವಣವನ್ನು ಕುಡಿಸುವ ಚಿಕಿತ್ಸೆ ಯಶಸ್ವಿಯಾಯಿತು. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ರಕ್ತನಾಳಕ್ಕೆ ಹರಿಸುವ ದ್ರಾವಣ ಮುಗಿದುಹೋದಾಗ, ವೈದ್ಯ ದಿಲೀಪ್ ಮಹಲನಬಿಸ್ ಅವರು ಈ ಕುಡಿಸುವ ದ್ರಾವಣವನ್ನು ಡ್ರಮ್ಮುಗಳಲ್ಲಿ ಕದಡಿ ಸಂಬಂಧಿಕರ ಕೈಯಿಂದಲೇ ಕುಡಿಸಿದರು. 30%ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ 3.6%ಕ್ಕೆ ಇಳಿಯಿತು. ಇದನ್ನು ವಿವರಿಸುವ ಅವರ ಪ್ರಬಂಧ 1973ರಲ್ಲಿ ಬಂತು. ಇಂದು ಓಆರ್‌ಎಸ್ ಪೊಟ್ಟಣವನ್ನು ಹರಿಯುವ ತಾಯಿಗೆ ಆ ಪ್ರಬಂಧದ ಸುಳಿವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಪೊಟ್ಟಣದ ಮೇಲೆ ಅಡಿಟಿಪ್ಪಣಿ ಅಚ್ಚಾಗಿರುವುದಿಲ್ಲ. ಸಾಂಕ್ರಾಮಿಕ ರೋಗಗಳ ವಿದ್ವತ್ತು ಪೂರ್ಣವಾಗಿ ಫಲಿಸಿದಾಗ ಅದು ಉಲ್ಲೇಖದ ಜಗತ್ತನ್ನೇ ಬಿಟ್ಟು ಹೊರಟುಹೋಗುತ್ತದೆ.

ಕೆಲವೊಮ್ಮೆ ಅದು ಉಲ್ಲೇಖಕ್ಕಿಂತ ಮೊದಲೇ ಫಲಿಸುತ್ತದೆ. 2020ರ ಜನವರಿ 11ರಂದು ಹೊಸ ಕೊರೊನಾವೈರಸ್‌ನ ಜೀನೋಮ್ ಅನುಕ್ರಮವನ್ನು, ಅಂದರೆ ಅದರ ಪೂರ್ಣ ಆನುವಂಶಿಕ ಸಂಕೇತವನ್ನು, ಚೀನಾದ ಜಾಂಗ್ ಯೊಂಗ್‌ಜೆನ್ ಅವರ ತಂಡ ಸಿಡ್ನಿಯ ವೈರಸ್ ಪರಿಣತ ಎಡ್ವರ್ಡ್ ಹೋಮ್ಸ್ ಅವರ ಮೂಲಕ ಎಲ್ಲರಿಗೂ ತೆರೆದಿಟ್ಟಿತು. ಲಸಿಕೆಗಳ ವಿನ್ಯಾಸ ಕೆಲವೇ ದಿನಗಳಲ್ಲಿ ಆರಂಭವಾಯಿತು. ಆ ಕುರಿತ ಪ್ರಬಂಧ ಜರ್ನಲ್‌ನಲ್ಲಿ ಕಾಣಿಸಿಕೊಂಡದ್ದು ಫೆಬ್ರುವರಿಯಲ್ಲಿ. ಅಂದರೆ ಅದರ ಅತಿ ದೊಡ್ಡ ಪರಿಣಾಮ ಉಂಟಾದ ಹೊತ್ತಿನಲ್ಲಿ ಅದರ ಉಲ್ಲೇಖ ಸಂಖ್ಯೆ ಸೊನ್ನೆ. ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ರೋಗಿಗಳ ಮೇಲೆ ಔಷಧಗಳನ್ನು ಪರೀಕ್ಷಿಸುತ್ತಿದ್ದ ‘ರಿಕವರಿ’ ಎಂಬ ಪ್ರಯೋಗ, ಅಗ್ಗದ ಹಳೆಯ ಔಷಧವಾದ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿರುವ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ಪ್ರಕಟಿಸಿತು. ಆ ಪ್ರಬಂಧ ಪ್ರಕಟವಾದದ್ದು ವ್ಯಕ್ತಿಗಳ ಹೆಸರಿನಲ್ಲಲ್ಲ, ಇಡೀ ಸಹಯೋಗ ತಂಡದ ಹೆಸರಿನಲ್ಲಿ. ರಾತ್ರಿಪಾಳಿಯಲ್ಲಿ ರೋಗಿಗಳನ್ನು ಪ್ರಯೋಗಕ್ಕೆ ಸೇರಿಸಿಕೊಂಡ ವೈದ್ಯರ ಪಾಲನ್ನು ಯಾವ ಸೂಚ್ಯಂಕದಲ್ಲಿ ಹುಡುಕೋಣ?

ಈ ಕೊರತೆಗಳನ್ನು ವಿದ್ವಜ್ಜಗತ್ತು ಗುರುತಿಸಿಲ್ಲವೆಂದಲ್ಲ. 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಜರ್ನಲ್‌ನ ಅಂಕಿಯಿಂದ ವ್ಯಕ್ತಿಯನ್ನು ಅಳೆಯಬಾರದೆಂದು ಹೇಳಿತು; 2015ರ ಲೈಡನ್ ಪ್ರಣಾಳಿಕೆ, ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಬೇಕೇ ವಿನಾ ಅದರ ಜಾಗವನ್ನು ಆಕ್ರಮಿಸಬಾರದೆಂದಿತು. ಬ್ರಿಟನ್ ತನ್ನ ವಿಶ್ವವಿದ್ಯಾಲಯಗಳ 2014ರ ಮೌಲ್ಯಮಾಪನದಲ್ಲಿ ಸಮಾಜದ ಮೇಲಾದ ಪ್ರಭಾವಕ್ಕೆ 20%, 2021ರಲ್ಲಿ 25% ತೂಕ ಕೊಟ್ಟು, ಅದನ್ನು ವೃತ್ತಾಂತರೂಪದಲ್ಲಿ ಬರೆದು ಒಪ್ಪಿಸುವಂತೆ ಕೇಳಿತು. ವೃತ್ತಾಂತ ಬರೆಯುವುದೇ ಒಂದು ಕಲೆಯಾಗಿ, ಅದಕ್ಕೂ ಕೂಲಿಗೆ ಬರೆಯುವವರು ಹುಟ್ಟಿಕೊಳ್ಳುವ ಅಪಾಯವಿದ್ದರೂ, ಚೌಕಕ್ಕಿಂತ ಅದು ಮೇಲು.

ಕೊನೆಗೆ ನಾನು ಮಾಡಿದ್ದು ಇಷ್ಟು. ಆ ಸಂಶೋಧಕರನ್ನು ಉಲ್ಲೇಖಿಸಿದ ಪ್ರಬಂಧಗಳಲ್ಲಿ ಒಂದಷ್ಟನ್ನು ಆಯ್ದು, ಉಲ್ಲೇಖ ಬಂದಿರುವ ವಾಕ್ಯವನ್ನೇ ಓದುತ್ತ ಹೋದೆ. ಬಹುಪಾಲು ಕಡೆ ಅವರ ಹೆಸರು ಪೀಠಿಕೆಯ ಯಾವುದೋ ಸಾಲಿನ ತುದಿಯಲ್ಲಿ ಇನ್ನೈದಾರು ಹೆಸರುಗಳೊಡನೆ, ಮದುವೆಯ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ಬರುವ ಬಂಧುಮಿತ್ರರಂತೆ, ಕುಳಿತಿತ್ತು. ಕೆಲವೆಡೆ ಅವರ ವಿಧಾನವನ್ನು ಎತ್ತಿಕೊಂಡು ಬಳಸಿದ್ದರು. ಎರಡು ಕಡೆ ಅವರ ತೀರ್ಮಾನವನ್ನು ಕಾರಣಸಹಿತ ಪ್ರಶ್ನಿಸಿದ್ದರು. ಅದನ್ನೂ ನಾನು ಪ್ರಭಾವವೆಂದೇ ಎಣಿಸಿದೆ. ಬೆರಗಾದದ್ದು ಬೇರೆ ಕಾರಣಕ್ಕೆ: ಅವರ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನ ಇತರರ ಕೆಲಸವನ್ನು ಒಟ್ಟುಗೂಡಿಸಿದ ಸಮೀಕ್ಷೆಯಾಗಿತ್ತು. ಅತಿದೀರ್ಘ ಪರಿಣಾಮ ಬೀರಿದ್ದು ಮಾತ್ರ, ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಿರ್ಜಲತೆಯನ್ನು ಗುರುತಿಸುವ ಬಗೆ ಕುರಿತ, ಹೆಚ್ಚೇನೂ ಉಲ್ಲೇಖಗೊಳ್ಳದ ಒಂದು ಸಣ್ಣ ಪ್ರಬಂಧ. ಅದು ಚಿಕಿತ್ಸಾ ಮಾರ್ಗಸೂಚಿಯೊಂದರ ಅಡಿಟಿಪ್ಪಣಿಯಲ್ಲಿತ್ತು. ಆ ಮಾರ್ಗಸೂಚಿಯನ್ನು ಅನುಸರಿಸುವ ದಾದಿಯರು ಪ್ರಬಂಧ ಬರೆಯುವವರಲ್ಲವಾದ್ದರಿಂದ ನಾನು ಹುಡುಕಿದ ಮೂರು ದತ್ತಸಂಚಯಗಳಲ್ಲೂ ಅದರ ಜಾಡು ಇರಲಿಲ್ಲ. ಇದು ನನಗೆ ಸಿಕ್ಕಿದ್ದು ಜಾಣತನದಿಂದಲ್ಲ. ಆ ಸಂಶೋಧಕರ ಹಳೆಯ ವಿದ್ಯಾರ್ಥಿಯೊಬ್ಬರು ಮಾತಿನ ನಡುವೆ ಹೇಳಿದ್ದರಿಂದ.

ಇದನ್ನೆಲ್ಲ ನಾಲ್ಕು ಪುಟಗಳಲ್ಲಿ ಬರೆದು ನಮೂನೆಗೆ ಲಗತ್ತಿಸಿದೆ. ಚೌಕದಲ್ಲಿ ಮೂರು ಅಂಕಿಗಳನ್ನು ಸಣ್ಣ ಅಕ್ಷರಗಳಲ್ಲಿ, ಯಾವುದು ಎಲ್ಲಿಯದು, ಯಾವ ದಿನ ನೋಡಿದ್ದು ಎಂಬ ವಿವರಗಳೊಡನೆ ತುರುಕಿದೆ. ಎರಡು ದಿನಗಳ ನಂತರ ಸಮಿತಿಯ ಸದಸ್ಯರೊಬ್ಬರು ದೂರವಾಣಿ ಮಾಡಿದರು. ಲಗತ್ತು ಬಹಳ ಚೆನ್ನಾಗಿದೆ, ನಿಧಾನವಾಗಿ ಓದುತ್ತೇನೆ ಎಂದು ಸೌಜನ್ಯದಿಂದಲೇ ಹೇಳಿ, “ಸದ್ಯಕ್ಕೆ ಈ ಮೂರರಲ್ಲಿ ಯಾವುದನ್ನು ಹಾಕಿಕೊಳ್ಳಲಿ, ಹೇಳಿಬಿಡಿ” ಎಂದರು. ನಾಲ್ಕನೆಯ ಪುಟದ ಎರಡನೆಯ ಪ್ಯಾರಾ ಮೊದಲು ಓದಿ, ಆಮೇಲೆ ಮಾತಾಡೋಣ ಎಂದೆ. ಮಾರ್ಗಸೂಚಿಯ ಅಡಿಟಿಪ್ಪಣಿಯ ವಿಷಯ ಇರುವುದು ಅಲ್ಲಿ.